ವಾರ್ತೆಯ ಏಳನೆಯ ಪ್ರಶ್ನೆ

೧

ಮಹಾಭಾರತದ ಅರಣ್ಯಪರ್ವದಲ್ಲಿ ಯಕ್ಷನು ಧರ್ಮರಾಯನಿಗೆ ಹಾಕುವ ಪ್ರಶ್ನೆಗಳ ಪೈಕಿ ‘ವಾರ್ತೆ ಯಾವುದು?’ ಎಂಬುದೂ ಒಂದು. ಕಾಲನು ಜೀವಿಗಳನ್ನು ದೊಡ್ಡದೊಂದು ಪಾತ್ರೆಯಲ್ಲಿಟ್ಟು ಬೇಯಿಸುತ್ತಿರುವನು, ಅದೇ ವಾರ್ತೆ, ಎಂಬ ಅಭಿಪ್ರಾಯದ ಉತ್ತರವನ್ನು ಧರ್ಮರಾಯನು ಕೊಟ್ಟನು, ಯಕ್ಷನು ತೃಪ್ತನಾದನು. ಇಂದಿನ ವೃತ್ತಪತ್ರಿಕೆಯ ಸಂಪಾದಕನೊಬ್ಬನು ಆ ಕೊಳದ ದಂಡೆಯಲ್ಲಿ ನಿಂತಿದ್ದರೆ ಇಷ್ಟರಿಂದ ತೃಪ್ತನಾಗುತ್ತಿರಲಿಲ್ಲ. ದಂಡೆಯಲ್ಲಿ ಬಿದ್ದಿರುವ ನಾಲ್ವರು ಯಾರು, ಅವರಿಗೆ ಏನಾಯಿತು, ಯಾವ ಹೊತ್ತಿನಲ್ಲಿ, ಯಾವ ನೀರನ್ನು ಕುಡಿದು, ಏಕೆ ಎಂದು ಮರುಪ್ರಶ್ನೆಗಳನ್ನು ಹಾಕುತ್ತಿದ್ದನು. ಯಕ್ಷನ ವಾರ್ತೆಯು ಎಂದಿಗೂ ಸತ್ಯ. ಆದುದರಿಂದಲೇ ಅದು ದರ್ಶನ. ಪತ್ರಿಕೆಯ ವಾರ್ತೆಯು ಇಂಥ ದಿನ ಇಂಥ ಊರಿನಲ್ಲಿ ಮಾತ್ರ ಸತ್ಯ. ಆದುದರಿಂದ ಅದಕ್ಕೆ ಸಾಕ್ಷಿ ಬೇಕು.

ವರದಿಗಾರನಿಗೆ, ನಮ್ಮ ಹಿರಿಯರ ಮಾತಿನಲ್ಲಿ ಬಾತ್ಮೀದಾರನಿಗೆ, ಮೊದಲ ದಿನವೇ ಕಲಿಸುವ ಪಾಠವೆಂದರೆ ಆರು ಪ್ರಶ್ನೆಗಳು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಇಂಗ್ಲಿಷ್ ಕವಿ ಕಿಪ್ಲಿಂಗನು ೧೯೦೨ರಲ್ಲಿ ಪ್ರಕಟವಾದ ತನ್ನ ಮಕ್ಕಳ ಕಥೆಗಳ ಪುಸ್ತಕದಲ್ಲಿ ಇವನ್ನೇ ತನ್ನ ಆರು ಮಂದಿ ಸೇವಕರೆಂದು ಹಾಡಿದನು. ಪಟ್ಟಿಯು ಅವನಿಗಿಂತ ಬಹಳ ಹಳೆಯದು. ಗ್ರೀಕರೂ ರೋಮನರೂ ನ್ಯಾಯಸ್ಥಾನದ ವಾದಕ್ಕಾಗಿ ಇಂಥದನ್ನು ಏರ್ಪಡಿಸಿಕೊಂಡಿದ್ದರು. ವ್ಯಾಕರಣವನ್ನು ಓದಿದ ಕನ್ನಡಿಗನಿಗಂತೂ ಇದು ಹೊಸದಾಗಿ ತೋರದು. ಯಾರು ಎಂಬುದು ಕರ್ತೃ. ಏನು ಎಂಬುದು ಕರ್ಮ. ಹೇಗೆ ಎಂಬುದು ಕರಣ. ಎಲ್ಲಿ, ಯಾವಾಗ ಎಂಬೆರಡೂ ಅಧಿಕರಣ. ಏಕೆ ಎಂಬುದು ಹೇತು. ಆದರೆ ವೈಯಾಕರಣರ ಪಟ್ಟಿಯಲ್ಲಿ ಇನ್ನೊಂದು ಕಾರಕವಿದೆ. ಪತ್ರಿಕೆಯವರ ಪಟ್ಟಿಯಲ್ಲಿ ಅದಿಲ್ಲ. ಅದು ಅಪಾದಾನ: ಯಾರ ದೆಸೆಯಿಂದ? ವಾರ್ತೆಗೆ ಅದನ್ನು ಅನ್ವಯಿಸಿದರೆ, ಈ ಸಂಗತಿಯು ಯಾರಿಂದ ತಿಳಿಯಿತು ಎಂದಾಗುವುದು.

ಆರು ಪ್ರಶ್ನೆಗಳನ್ನು ವರದಿಗಾರನು ಘಟನೆಗೆ ಕೇಳುವನು. ಏಳನೆಯದನ್ನು ಅವನು ತನಗೆ ತಾನೇ ಕೇಳಿಕೊಳ್ಳಬೇಕು: ‘ಇದು ನನಗೆ ಹೇಗೆ ಗೊತ್ತು?’ ಈ ಏಳನೆಯದು ಇಲ್ಲದಿದ್ದರೆ ಮೊದಲಿನ ಆರಕ್ಕೂ ದೊರೆತ ಉತ್ತರಗಳು ಬೆಲೆಯನ್ನು ಕಳೆದುಕೊಳ್ಳುವುವು ಎಂಬುದು ಈ ಲೇಖನದ ಪ್ರತಿಪಾದ್ಯ. ಇದಕ್ಕೆ ಉದಾಹರಣೆಗಳನ್ನು ದೂರದಿಂದ ತರಬೇಕಾಗಿಲ್ಲ. ಹೊಸಪೇಟೆ, ಹಂಪೆ, ಕಂಪ್ಲಿ, ಸೊಂಡೂರುಗಳಷ್ಟು ಹಳೆಯ ವರದಿಗಳನ್ನೂ ಹೊಸ ವರದಿಗಳನ್ನೂ ಒಟ್ಟಿಗೆ ಪಡೆದಿರುವ ಸೀಮೆಗಳು ಕನ್ನಡನಾಡಿನಲ್ಲಿ ಹೆಚ್ಚಿಲ್ಲ.

೨

ಹಂಪೆಯ ಶಾಸನಗಳನ್ನು ನಾವು ಇತಿಹಾಸವೆಂದು ಓದುವೆವು. ಕೆತ್ತಿದ ದಿನ ಅವು ವಾರ್ತೆಯೇ ಆಗಿದ್ದುವು. ವಿರೂಪಾಕ್ಷ ದೇವಾಲಯದಲ್ಲಿರುವ ೧೫೧೦ರ ಶಾಸನವು ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭದಲ್ಲಿ ಅಲ್ಲಿ ರಂಗಮಂಟಪವೂ ಗೋಪುರವೂ ಆದುದನ್ನು ತಿಳಿಸುವುದು. ನಮ್ಮ ಶಾಸನಕಾರರು ‘ಯಾವಾಗ’ ಎಂಬ ಪ್ರಶ್ನೆಗೆ ಕೊಡುತ್ತಿದ್ದ ಉತ್ತರವನ್ನು ನೋಡಿರಿ: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಒಂದು ತಪ್ಪಿದರೆ ಇನ್ನೊಂದು ಅದನ್ನು ಹಿಡಿದುಕೊಡುವುದು. ‘ಎಲ್ಲಿ’ ಎಂಬುದಕ್ಕೆ ದಾನಭೂಮಿಯ ಎಲ್ಲೆಗಳನ್ನು ಹಳ್ಳ, ಹುತ್ತ, ಬಂಡೆ, ಮರಗಳ ಗುರುತಿನಿಂದ ಹೇಳುವರು. ಸಾಕ್ಷಿಗಳ ಹೆಸರುಗಳೂ ಎಷ್ಟೋ ಶಾಸನಗಳಲ್ಲಿ ಉಂಟು. ಇಷ್ಟು ಎಚ್ಚರವುಳ್ಳ ಪರಂಪರೆಯಲ್ಲಿ ಹುಟ್ಟಿದ ನಾವು ಇಂದು ‘ಇತ್ತೀಚೆಗೆ’, ‘ಹಲವೆಡೆ’, ‘ಅಪಾರ ಪ್ರಮಾಣದ’ ಎಂಬ ಮಾತುಗಳಿಂದ ವಾರ್ತೆಯನ್ನು ಮುಗಿಸುತ್ತಿರುವುದು ಸೋಜಿಗವೇ ಸರಿ. ಶಾಸನಕ್ಕೆ ಒಂದು ಮಿತಿಯೂ ಇದೆ. ಅದು ದಾತೃವಿನ ಮಾತು. ಗೋಪುರಕ್ಕೆ ಕಲ್ಲು ಹೊತ್ತವರು ಯಾರು ಎಂಬುದನ್ನು ಅದು ಕೇಳುವುದಿಲ್ಲ.

ಅದನ್ನು ಕೇಳುವುದಕ್ಕೆ ಹೊರಗಿನವನೊಬ್ಬನು ಬರಬೇಕಾಯಿತು. ಡೊಮಿಂಗೊ ಪಾಯೆಸ್ ಎಂಬ ಪೋರ್ತುಗೀಸನು ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡನು. ಫರ್ನಾವೊ ನೂನಿಜ್ ಎಂಬ ಕುದುರೆ ವ್ಯಾಪಾರಿಯು ಸುಮಾರು ಹದಿನೈದು ವರ್ಷಗಳ ಬಳಿಕ ಅಲ್ಲಿದ್ದು, ಆ ರಾಜರ ಚರಿತ್ರೆಯನ್ನು ಕೇಳಿ ಬರೆದನು. ಇವರಿಬ್ಬರ ಬರಹಗಳನ್ನು ಡೇವಿಡ್ ಲೋಪೆಸನು ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದನು. ಮದರಾಸಿನ ಸಿವಿಲ್ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ಲನು ೧೯೦೦ರಲ್ಲಿ ಇಂಗ್ಲಿಷಿಗೆ ತಂದನು. ಅಂದಿನಿಂದ ಇವರು ನಮ್ಮ ಇತಿಹಾಸಕಾರರಿಗೆ ಆಧಾರರಾದರು. ನಾವು ಇಲ್ಲಿ ಇವರನ್ನು ವರದಿಗಾರರೆಂದು ಪರೀಕ್ಷಿಸೋಣ.

ಪಾಯೆಸನ ದೊಡ್ಡ ಗುಣವೆಂದರೆ ತನ್ನ ಕಣ್ಣಿನ ಎಲ್ಲೆಯನ್ನು ಅವನು ಅರಿತಿದ್ದುದು. ನಗರದ ವಿಸ್ತಾರವನ್ನು ಹೇಳಬೇಕಾದಾಗ, ಗುಡ್ಡಗಳ ಸಾಲು ಅಡ್ಡವಾಗಿರುವುದರಿಂದ ಒಂದೇ ಎಡೆಯಿಂದ ಎಲ್ಲವನ್ನೂ ನೋಡಲಾಗದೆಂದು ಒಪ್ಪಿಕೊಂಡು, ತಾನು ಬೆಟ್ಟವೊಂದನ್ನು ಹತ್ತಿ ಕಂಡಷ್ಟು ಭಾಗವೇ ರೋಮಿನಷ್ಟಿರುವಂತೆ ತೋರಿತೆನ್ನುವನು. ಮಾತಂಗ ಪರ್ವತವನ್ನು ಏರಿ ನೋಡಿದ ನಮ್ಮ ಓದುಗರಿಗೆ ಆ ಮಾತಿನ ಪ್ರಾಮಾಣಿಕತೆ ಗೊತ್ತಾಗುವುದು. ಜನಸಂಖ್ಯೆಯ ವಿಷಯಕ್ಕೆ ಬಂದಾಗ ಅವನು ಅಂಕಿಯನ್ನೇ ಬರೆಯಲೊಲ್ಲನು. ಬರೆದರೆ ಕಟ್ಟುಕಥೆಯೆಂದಾರೆಂಬ ಭಯವನ್ನು ಹೇಳಿಕೊಂಡು, ಬೀದಿಗಳಲ್ಲಿ ಜನರೂ ಆನೆಗಳೂ ಕಿಕ್ಕಿರಿದಿರುವುದರಿಂದ ದಂಡೊಂದು ನುಗ್ಗಿ ಹೋಗಲಾರದೆಂದಷ್ಟೇ ಹೇಳಿ ಬಿಡುವನು. ಗೊತ್ತಿಲ್ಲದ ಸಂಖ್ಯೆಯ ಬದಲು ಗೊತ್ತಿರುವ ನೋಟವನ್ನು ಕೊಡುವುದು ವರದಿಯ ಧರ್ಮ. ಕೃಷ್ಣದೇವರಾಯನ ಮುಖದಲ್ಲಿ ಸಿಡುಬಿನ ಕಲೆಗಳಿದ್ದುದನ್ನು ಬರೆದವನೂ ಇವನೇ. ಹೊಗಳುವುದಕ್ಕೆ ನೇಮಿಸಲ್ಪಟ್ಟ ಕವಿಯು ಆ ಕಲೆಗಳನ್ನು ಕಾಣನು. ಹತ್ತಿರ ನಿಂತು ನೋಡಿದವನು ಕಾಣುವನು. ಆ ಒಂದು ವಿವರದಿಂದ ಉಳಿದ ವಿವರಗಳಿಗೆಲ್ಲ ನಂಬಿಕೆ ಹುಟ್ಟುವುದು.

ನೂನಿಜನದು ಬೇರೆ ಬಗೆ. ಅವನು ಕೇಳಿದುದನ್ನು ಬರೆದವನು. ರಾಯಚೂರಿನ ದಂಡಯಾತ್ರೆಗೆ ಹೊರಟ ಸೈನ್ಯವನ್ನು ಅವನು ೭,೦೩,೦೦೦ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆ ಎಂದು ಎಣಿಸಿಕೊಡುವನು. ಯುದ್ಧ ನಡೆದಾಗ ಅವನು ಅಲ್ಲಿರಲಿಲ್ಲ. ಯಾರು ಎಣಿಸಿದರು, ಎಣಿಕೆಯ ಪಟ್ಟಿ ಯಾರ ಬಳಿ ಇತ್ತು ಎಂಬುದಕ್ಕೆ ಅವನಲ್ಲಿ ಉತ್ತರವಿಲ್ಲ. ಐದುನೂರ ಐವತ್ತರ ಮೇಲೆ ಒಂದು ಆನೆ ಎಂಬ ನಿಖರತೆಯೇ ಓದುಗನನ್ನು ಮರುಳುಮಾಡುವುದು. ಬಿಡಿಸಂಖ್ಯೆಯನ್ನು ಕಂಡೊಡನೆ ನಾವು ಎಣಿಕೆ ನಡೆದಿದೆಯೆಂದು ನಂಬಿಬಿಡುವೆವು. ಇಂದಿನ ಪತ್ರಿಕೆಗಳಲ್ಲಿಯೂ ಈ ಆನೆ ಬದುಕಿದೆ. ಜಾತ್ರೆಗೆ, ಸಭೆಗೆ, ಮೆರವಣಿಗೆಗೆ ಇಷ್ಟು ಲಕ್ಷ ಜನವೆಂದು ಬರೆಯುವಾಗ ಅದು ಸಾಲಿನಲ್ಲಿ ನಡೆದುಬರುವುದು.

ಆದರೂ ನೂನಿಜನಿಗೆ ಅನ್ಯಾಯ ಮಾಡಲಾಗದು. ಅದೇ ಯುದ್ಧದ ದಿನವನ್ನು ಅವನು ೧೫೨೨ನೆಯ ವರ್ಷದ ಮೇ ತಿಂಗಳ ಅಮಾವಾಸ್ಯೆ, ಶನಿವಾರ ಎಂದು ಬರೆದನು. ಆ ವರ್ಷಕ್ಕೂ ಆ ವಾರಕ್ಕೂ ಹೊಂದಿಕೆಯಾಗದುದನ್ನು ಸಿವೆಲ್ಲನು ಪಂಚಾಂಗದ ಲೆಕ್ಕದಿಂದ ಕಂಡುಹಿಡಿದು, ಗೋವೆಯ ಪೋರ್ತುಗೀಸ್ ಅಧಿಕಾರಿಗಳ ಕಾಲವನ್ನೂ ಕೂಡಿಸಿ ನೋಡಿ, ಯುದ್ಧವಾದುದು ೧೫೨೦ರ ಮೇ ೧೯, ಶನಿವಾರ ಎಂದು ನಿರ್ಣಯಿಸಿದನು. ಇಲ್ಲಿ ಒಂದು ಪಾಠವಿದೆ. ನೂನಿಜನು ತಪ್ಪಿದನು, ಆದರೆ ತಿದ್ದಲು ಬರುವಂತೆ ತಪ್ಪಿದನು. ತಿಂಗಳು, ತಿಥಿ, ವಾರಗಳನ್ನು ಕೊಟ್ಟುದರಿಂದ ನಾನೂರು ವರ್ಷಗಳ ಬಳಿಕ ಅವನ ಮಾತನ್ನು ಅವನ ಮಾತಿನಿಂದಲೇ ಸರಿಪಡಿಸಲು ಸಾಧ್ಯವಾಯಿತು. ‘ಕೆಲವು ವರ್ಷಗಳ ಹಿಂದೆ’ ಎಂದು ಬರೆದಿದ್ದರೆ ಅವನ ತಪ್ಪನ್ನು ಯಾರೂ ಹಿಡಿಯುತ್ತಿರಲಿಲ್ಲ, ಅವನ ನಿಜವೂ ಯಾರಿಗೂ ದೊರೆಯುತ್ತಿರಲಿಲ್ಲ.

೩

ಇಬ್ಬರು ವರದಿಗಾರರೂ ಬರೆದಿರುವ ಒಂದೇ ಸಂಗತಿ ಹೊಸಪೇಟೆಯ ನೆಲದಲ್ಲಿಯೇ ನಡೆದುದು. ಆಗ ನಾಗಲಾಪುರವೆಂಬ ಹೆಸರಿನಿಂದ ಹೊಸದಾಗಿ ಎದ್ದ ಪಟ್ಟಣದ ಹತ್ತಿರ, ದಕ್ಷಿಣದ ಬೆಟ್ಟಗಳ ನಡುವೆ ಕೃಷ್ಣದೇವರಾಯನು ಕಟ್ಟಿಸಿದ ದೊಡ್ಡ ಕೆರೆ. ರಾಯರ ಕೆರೆ ಎಂಬ ಹೆಸರು ಇಂದಿಗೂ ಉಳಿದಿದೆ.

ಪಾಯೆಸನು ಕೆಲಸ ನಡೆಯುತ್ತಿರುವಾಗಲೇ ಅದನ್ನು ಕಂಡನು. ಹದಿನೈದು ಇಪ್ಪತ್ತು ಸಾವಿರ ಆಳುಗಳು ಇರುವೆಗಳಂತೆ ಕಾಣುತ್ತಿದ್ದರೆಂದೂ, ಅವರು ನಡೆಯುತ್ತಿದ್ದ ನೆಲವೇ ಕಣ್ಣಿಗೆ ಬೀಳುತ್ತಿರಲಿಲ್ಲವೆಂದೂ, ಕೆಲಸವನ್ನು ರಾಯನು ತನ್ನ ನಾಯಕರಿಗೆ ಪಾಲುಮಾಡಿ ಹಂಚಿದ್ದನೆಂದೂ ಬರೆಯುವನು. ಇಲ್ಲೆಲ್ಲ ‘ಕಂಡೆನು’ ಎಂಬ ಭಾವವು ಸ್ಪಷ್ಟವಾಗಿದೆ. ಮುಂದೆ, ಕೆರೆಯು ಎರಡು ಮೂರು ಬಾರಿ ಒಡೆಯಿತೆಂದೂ, ದೇವರು ಪ್ರಸನ್ನನಾಗಿಲ್ಲವೆಂದು ಬ್ರಾಹ್ಮಣರು ಹೇಳಲಾಗಿ ರಾಯನು ಅರುವತ್ತು ಮಂದಿಯ ತಲೆಗಳನ್ನೂ ಕೆಲವು ಕುದುರೆ ಕೋಣಗಳ ತಲೆಗಳನ್ನೂ ಕಡಿಸಿದನೆಂದೂ ಬರೆಯುವನು. ಈ ಎಡೆಯಲ್ಲಿ ‘ಕಂಡೆನು’ ಎಂಬುದಿಲ್ಲ. ಯಾರು ಹೇಳಿದರೆಂಬುದೂ ಇಲ್ಲ. ಕಣ್ಣಿನ ಸಾಕ್ಷಿಯು ಎಲ್ಲಿ ಮುಗಿದು ಕಿವಿಯ ಸಾಕ್ಷಿಯು ಎಲ್ಲಿ ಮೊದಲಾಯಿತೆಂಬ ಗೆರೆಯನ್ನು ಅವನು ಎಳೆಯಲಿಲ್ಲ.

ನೂನಿಜನು ಅದೇ ಕೆರೆಯನ್ನು ಕುರಿತು ಬರೆಯುವಾಗ ಅರುವತ್ತೆಂಬ ಸಂಖ್ಯೆಯಿಲ್ಲ. ಬಲಿಯಾದವರು ಮರಣದಂಡನೆಗೆ ತಕ್ಕ ಸೆರೆಯಾಳುಗಳೆಂಬ ಹೊಸ ಮಾತಿದೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಗೋವೆಯಿಂದ ರಾಯನು ಕರೆಯಿಸಿಕೊಂಡಿದ್ದ ಜೊವಾಂವ್ ಡೆಲ್ಲ ಪೊಂಟೆ ಎಂಬ ಕಲ್ಲುಕೆಲಸದ ನಿಪುಣನು ಬಹಳ ಸುಣ್ಣವನ್ನು ಸಿದ್ಧಪಡಿಸಬೇಕೆಂದು ಕೇಳಿದನಂತೆ, ರಾಯನು ನಕ್ಕುಬಿಟ್ಟನಂತೆ, ಸುಣ್ಣವಿಲ್ಲದೆ ಕಲ್ಲು ಬಂಡೆಗಳನ್ನು ಹಾಕಿಸಲಾಗಿ ಹಗಲು ಮಾಡಿದ ಕೆಲಸ ರಾತ್ರಿ ಹಾಳಾಗುತ್ತಿತ್ತಂತೆ. ಹೀಗೆ ನೂನಿಜನಲ್ಲಿ ‘ಏಕೆ ಒಡೆಯಿತು?’ ಎಂಬ ಒಂದು ಪ್ರಶ್ನೆಗೆ ಎರಡು ಉತ್ತರಗಳು ಪಕ್ಕಪಕ್ಕದಲ್ಲಿವೆ: ಸುಣ್ಣವಿರಲಿಲ್ಲ ಎಂಬುದು ಕಲ್ಲುಕೆಲಸದವನ ಉತ್ತರ, ದೇವರು ಮುನಿದಿದ್ದನು ಎಂಬುದು ಮಂತ್ರಜ್ಞರ ಉತ್ತರ. ಯಾವ ಉತ್ತರವು ಯಾರದೆಂಬುದನ್ನು ತಿಳಿಸಿರುವುದರಿಂದ ಓದುಗನು ತೂಗಿ ನೋಡಬಹುದು. ಈ ಒಂದು ಸ್ಥಳದಲ್ಲಿ ಕಿವಿಯ ವರದಿಗಾರನು ಕಣ್ಣಿನ ವರದಿಗಾರನನ್ನು ಮೀರಿದನು.

ತೂಗಿ ನೋಡಿದರೆ ನೂನಿಜನ ಮಾತಿನಲ್ಲಿ ಒಂದು ಸುಳ್ಳು ಹೊರಬೀಳುವುದು. ಈ ದೇಶದವರಿಗೆ ಮನೆ ಕಟ್ಟುವಾಗ ಸುಣ್ಣವನ್ನು ಬಳಸಲು ತಿಳಿಯದೆಂದು ಅವನು ಬರೆದನು. ಹಂಪೆಗೆ ಹೋಗಿ ರಾಣಿಯ ಸ್ನಾನಗೃಹದ ಗಾರೆಯನ್ನು ಕೈಯಿಂದ ಮುಟ್ಟಿದವರು, ದೇಗುಲಗಳ ಇಟ್ಟಿಗೆಯ ಗೋಪುರಗಳಲ್ಲಿ ಗಾರೆಯಿಂದ ಮೂಡಿಸಿದ ಬೊಂಬೆಗಳನ್ನು ಕಂಡವರು ಈ ಮಾತನ್ನು ಒಪ್ಪಲಾರರು. ಪೋರ್ತುಗೀಸ್ ಕಸುಬುದಾರನ ಹೆಮ್ಮೆಯ ಕಥೆಯು ಪೋರ್ತುಗೀಸ್ ವ್ಯಾಪಾರಿಯ ಲೇಖನಿಯಲ್ಲಿ ದೇಶದ ಮೇಲಣ ಸಾಮಾನ್ಯ ತೀರ್ಪಾಗಿ ಬೆಳೆಯಿತೆಂದು ನಾವು ಊಹಿಸಬಹುದು. ಸಂಗತಿಯು ಯಾರಿಂದ ಬಂದಿತೆಂದು ಗೊತ್ತಿರುವುದರಿಂದಲೇ ನಾವು ಹೀಗೆ ಊಹಿಸಲು ಶಕ್ತರಾದೆವು. ಅರುವತ್ತು ತಲೆಗಳ ವಿಷಯದಲ್ಲಿ ಆ ಶಕ್ತಿ ನಮಗಿಲ್ಲ. ಐದುನೂರು ವರ್ಷಗಳಿಂದ ಅದು ಪುಸ್ತಕದಿಂದ ಪುಸ್ತಕಕ್ಕೆ ಅಂಕಿಯಾಗಿ ಸಾಗಿಬಂದಿದೆ. ಒಬ್ಬ ರಾಜನ ಮೇಲೆ ಅರುವತ್ತು ಕೊಲೆಗಳ ಹೊಣೆಯೂ ಅದರೊಡನೆ ಸಾಗಿಬಂದಿದೆ. ನಿಜವಾಗಿದ್ದರೆ ಆ ಅರುವತ್ತು ಮಂದಿಗೆ ಸಾಕ್ಷಿ ಸಲ್ಲಬೇಕಾಗಿತ್ತು, ಸುಳ್ಳಾಗಿದ್ದರೆ ರಾಜನಿಗೆ. ಏಳನೆಯ ಪ್ರಶ್ನೆಯನ್ನು ಬಿಟ್ಟುದರಿಂದ ಇಬ್ಬರಿಗೂ ನ್ಯಾಯ ದೊರೆಯದೆ ಹೋಯಿತು.

೪

ಅದೇ ಹೊಸಪೇಟೆಯಲ್ಲಿ, ಅದೇ ಬಗೆಯ ವಾರ್ತೆಯು ೨೦೨೪ರ ಆಗಸ್ಟ್ ೧೦ರ ರಾತ್ರಿ ಹುಟ್ಟಿತು. ತುಂಗಭದ್ರಾ ಜಲಾಶಯವು ತುಂಬಿ ನಿಂತಿದ್ದಾಗ ೩೩ ಗೇಟುಗಳ ಪೈಕಿ ೧೯ನೆಯದರ ಸರಪಳಿಯ ಕೊಂಡಿ ಕಳಚಿ, ಗೇಟು ನೀರಿನೊಡನೆ ಕೊಚ್ಚಿಹೋಯಿತು. ‘ಕಟ್ಟೆಯೇ ಹೋಯಿತು’ ಎಂಬ ಮಾತಿಗೂ ‘ಒಂದು ಗೇಟು ಹೋಯಿತು’ ಎಂಬ ಮಾತಿಗೂ ಎಷ್ಟು ಅಂತರವೆಂಬುದು ಹೊಳೆಯ ಕೆಳಗಿನ ಊರುಗಳಲ್ಲಿರುವವರಿಗೆ ಗೊತ್ತು. ಮೊದಲನೆಯ ಮಾತು ಕಿವಿಗೆ ಬಿದ್ದರೆ ಹೊತ್ತುಕೊಳ್ಳಬಹುದಾದುದನ್ನು ಹೊತ್ತು ಓಡಬೇಕು. ಎರಡನೆಯದಾದರೆ ದನಗಳನ್ನು ದಿಬ್ಬಕ್ಕೆ ಅಟ್ಟಿ, ಹೊಳೆದಂಡೆಯ ಪಂಪುಸೆಟ್ಟನ್ನು ಮೇಲಕ್ಕೆ ತಂದು, ಎಚ್ಚರವಿದ್ದರೆ ಆದೀತು.

ಕಂಪ್ಲಿಯ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಆ ರಾತ್ರಿಯ ಆರು ಪ್ರಶ್ನೆಗಳನ್ನು ಕೇಳಿನೋಡೋಣ. ಅಣೆಕಟ್ಟಿನಿಂದ ಬಿಟ್ಟ ನೀರು ಹಂಪೆಯನ್ನು ದಾಟಿ ಅವನಲ್ಲಿಗೆ ಬರುವುದು. ಹೊಳೆ ಹೆಚ್ಚಿದಾಗ ಹಂಪೆಯಲ್ಲಿ ಪುರಂದರ ಮಂಟಪವು ಮುಳುಗುವುದು. ಕಂಪ್ಲಿಯಲ್ಲಿ ಗಂಗಾವತಿಯ ಕಡೆಗಿನ ಸೇತುವೆಯ ಮೇಲೆ ನೀರು ಹರಿದು ಸಂಚಾರ ನಿಲ್ಲುವುದು. ಅವನಿಗೆ ‘ಯಾರು’, ‘ಏಕೆ’ ಎಂಬುವು ಆ ಹೊತ್ತಿಗೆ ಬೇಕಾಗಿಲ್ಲ. ಎಷ್ಟು ನೀರು, ಯಾವಾಗ, ಹೇಳಿದವರು ಯಾರು ಎಂಬ ಮೂರೇ ಬೇಕು. ಆಗ ಎರಡು ಅಂಕಿಗಳು ಪ್ರಚಾರದಲ್ಲಿದ್ದುವು. ಗೇಟು ಹೋದ ಕಂಡಿಯಿಂದ ಸುಮಾರು ೩೫,೦೦೦ ಕ್ಯೂಸೆಕ್ಸ್ ನೀರು ಹೋಗುತ್ತಿದೆಯೆಂಬುದು ಒಂದು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿದುದರಿಂದ ಒಟ್ಟು ಹೊರಹರಿವು ಸುಮಾರು ಒಂದು ಲಕ್ಷ ಕ್ಯೂಸೆಕ್ಸ್ ಎಂಬುದು ಇನ್ನೊಂದು. ಎರಡೂ ಸರಿಯಾದ ಅಂಕಿಗಳೇ. ಆದರೆ ಯಾವುದು ಯಾವುದರ ಅಳತೆಯೆಂದು ಹೇಳದೆ ಒಂದನ್ನು ಮಾತ್ರ ಬರೆದರೆ, ಕಂಪ್ಲಿಯವನು ಮೂರರಲ್ಲಿ ಒಂದು ಪಾಲು ಹೊಳೆಯನ್ನು ನಿರೀಕ್ಷಿಸಿ ಮಲಗಿಯಾನು. ಸುಳ್ಳು ಹೇಳದೆಯೂ ವಾರ್ತೆಯು ಮನುಷ್ಯನನ್ನು ಮೋಸಗೊಳಿಸಬಲ್ಲುದು.

ಅಂಕಿಗೆ ವರ್ಷವಿಲ್ಲದಿದ್ದರೂ ಹೀಗೆಯೇ. ಈ ಜಲಾಶಯದ ಸಂಗ್ರಹಶಕ್ತಿಯನ್ನು ಕೆಲವರು ೧೩೩ ಟಿ.ಎಂ.ಸಿ. ಎಂದೂ ಕೆಲವರು ೧೦೫ ಟಿ.ಎಂ.ಸಿ. ಎಂದೂ ಬರೆಯುವರು. ಮೊದಲನೆಯದು ೧೯೫೩ರ ಸುಮಾರಿಗೆ ನೀರು ನಿಂತಾಗಿನ ಲೆಕ್ಕ. ಎರಡನೆಯದು ಹೂಳು ತುಂಬಿದ ಮೇಲೆ ಅಳೆದುದು. ನಡುವಣ ಸುಮಾರು ೨೮ ಟಿ.ಎಂ.ಸಿ.ಯಷ್ಟು ಮಣ್ಣು ಎಂಬುದೇ ಒಂದು ದೊಡ್ಡ ವಾರ್ತೆ. ಯಾರು, ಯಾವಾಗ ಅಳೆದರೆಂದು ಕೇಳದ ವರದಿಗಾರನಿಗೆ ಅದು ಕಾಣಿಸದು.

ಇನ್ನು ‘ಏಕೆ’ ಎಂಬುದಕ್ಕೆ ಬರೋಣ. ಸರಪಳಿ ಕಡಿಯಿತು ಎಂಬುದು ‘ಹೇಗೆ’ ಎಂಬುದರ ಉತ್ತರ. ‘ಏಕೆ’ ಎಂಬುದರ ಉತ್ತರವಲ್ಲ. ರಾಯರ ಕೆರೆ ಒಡೆದಾಗ ಸುಣ್ಣವೋ ದೇವರೋ ಎಂದು ಎರಡು ಮಾತು ಹುಟ್ಟಿದಂತೆ ಇಲ್ಲಿಯೂ ಬೆಳಗಾಗುವುದರೊಳಗೆ ಪಕ್ಷಕ್ಕೊಂದು ಕಾರಣ ಸಿದ್ಧವಾಯಿತು. ಆದರೆ ಕಾರಣವು ಬೆಳಗಿನ ಪತ್ರಿಕೆಯ ಹೊತ್ತಿಗೆ ಪಕ್ವವಾಗುವ ಹಣ್ಣಲ್ಲ. ಎಪ್ಪತ್ತು ವರ್ಷಗಳ ಗೇಟಿನ ಸರಪಳಿಯನ್ನು ಕೊನೆಯ ಸಲ ಯಾರು ಪರೀಕ್ಷಿಸಿದರು, ಆ ಪರೀಕ್ಷೆಯ ಕಾಗದ ಎಲ್ಲಿದೆ, ಗೇಟು ಹೋದರೆ ತತ್‌ಕ್ಷಣ ಇಳಿಬಿಡಲು ತಡೆಹಲಗೆಗಳು ಏಕೆ ಸಿದ್ಧವಿರಲಿಲ್ಲ ಎಂದು ಕೇಳಬೇಕು. ಉತ್ತರ ಬರುವ ತನಕ ‘ಇನ್ನೂ ತಿಳಿದಿಲ್ಲ’ ಎಂದು ಬರೆಯಬೇಕು. ಗೇಟುಗಳ ಕೆಲಸದಲ್ಲಿ ನುರಿತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್‌ಗಳನ್ನು ಇಳಿಸಿ, ಆಗಸ್ಟ್ ೧೭ರ ಹೊತ್ತಿಗೆ ಕಂಡಿಯನ್ನು ಮುಚ್ಚಿದರು. ಆ ದಿನ ವಾರ್ತೆ ಮುಗಿಯಿತೆಂದು ಎಷ್ಟೋ ಮಂದಿ ತಿಳಿದರು. ಮುಗಿದಿರಲಿಲ್ಲ. ಬಳಿಕ ತಜ್ಞರು ೩೩ ಗೇಟುಗಳನ್ನೂ ಬದಲಾಯಿಸಬೇಕೆಂದರು. ೨೦೨೫ರ ಮಳೆಗಾಲದಲ್ಲಿ ನೀರಿನ ಸಂಗ್ರಹವನ್ನು ಸುಮಾರು ೮೦ ಟಿ.ಎಂ.ಸಿ.ಗೆ ಮಿತಿಗೊಳಿಸಬೇಕಾಯಿತು. ೨೦೨೪ರ ಆಗಸ್ಟಿನ ಒಂದು ರಾತ್ರಿ ಕೇಳಿದ ‘ಏಕೆ’ ಎಂಬ ಪ್ರಶ್ನೆಗೆ ರೈತನು ಮರುವರ್ಷ ತನ್ನ ಗದ್ದೆಯಲ್ಲಿ ಉತ್ತರವನ್ನು ಓದಿದನು.

೫

ಏಳನೆಯ ಪ್ರಶ್ನೆಗೆ ಉತ್ತರ ದೊರೆತಾಗ ಎ‌ಷ್ಟು ಬಲ ಬರುವುದೆಂಬುದಕ್ಕೆ ಸೊಂಡೂರು ಸಾಕ್ಷಿ. ಬಳ್ಳಾರಿ ಸೊಂಡೂರುಗಳ ಬೆಟ್ಟಗಳಿಂದ ಕಬ್ಬಿಣದ ಅದಿರು ಅಕ್ರಮವಾಗಿ ಹೋಗುತ್ತಿದೆಯೆಂಬುದು ಕೆಂಪು ಧೂಳಿನ ದಾರಿಯಲ್ಲಿ ನಡೆದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದು ವಾರ್ತೆಯಾಗದು. ‘ಎಲ್ಲರೂ ಹೇಳುವರು’ ಎಂಬುದು ನ್ಯಾಯಾಲಯದಲ್ಲಿ ನಿಲ್ಲದು. ೨೦೧೧ರ ಜುಲೈ ೨೭ರಂದು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಸಲ್ಲಿಸಿದ ವರದಿಯು ಆ ಮಾತನ್ನು ಸಂಗತಿಯನ್ನಾಗಿ ಮಾಡಿತು. ಅದರ ವಿಧಾನದಲ್ಲಿ ಬೆರಗೇನೂ ಇಲ್ಲ. ಮನೆಯ ದಿನಸಿಯ ಲೆಕ್ಕದಂತೆ ಸರಳವಾದುದು. ಬಂದರುಗಳಿಂದ ಹೊರಟ ಅದಿರು ಎಷ್ಟು, ಅದಕ್ಕಾಗಿ ಸರಕಾರವು ಕೊಟ್ಟ ಪರವಾನಿಗೆಗಳು ಎಷ್ಟಕ್ಕೆ ಎಂದು ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ನಡುವಣ ವ್ಯತ್ಯಾಸವೇ ಕಳವು. ಹೀಗೆ ೨೦೦೬ರಿಂದ ೨೦೧೦ರ ವರೆಗೆ ಆದ ನಷ್ಟವನ್ನು ೧೬,೦೦೦ ಕೋಟಿ ರೂಪಾಯಿಗೆ ಮೀರಿದುದೆಂದು ವರದಿಯು ಕಟ್ಟಿತು. ಎರಡೇ ದಿನಗಳಲ್ಲಿ, ಜುಲೈ ೨೯ರಂದು, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು.

ನೂನಿಜನ ೫೫೧ನೆಯ ಆನೆಗೂ ಈ ಅಂಕಿಗೂ ಇರುವ ಭೇದವನ್ನು ಗಮನಿಸಿರಿ. ಎರಡೂ ದೊಡ್ಡವು. ಒಂದು ಎಲ್ಲಿಂದ ಬಂದಿತೆಂದು ಯಾರಿಗೂ ತಿಳಿಯದು. ಇನ್ನೊಂದು ಎಲ್ಲಿಂದ ಬಂದಿತೆಂದು ಯಾರು ಬೇಕಾದರೂ ಹೋಗಿ ನೋಡಬಹುದು. ಒಪ್ಪದವನು ಆ ಎರಡು ಪಟ್ಟಿಗಳನ್ನೇ ತೆಗೆದುಕೊಂಡು ಎದುರುವಾದ ಮಾಡಬಹುದು. ಎದುರುವಾದಕ್ಕೆ ಎಡೆಗೊಡುವ ವಾರ್ತೆಯೇ ನಂಬಲು ಯೋಗ್ಯವಾದ ವಾರ್ತೆ.

ಇಲ್ಲಿ ಒಂದು ಆಕ್ಷೇಪವಿದೆ, ಅದನ್ನು ಬದಿಗೊತ್ತಲಾಗದು. ಗಣಿಯ ವಿಷಯದಲ್ಲಿ ಬಾಯಿಬಿಟ್ಟವನ ಹೆಸರನ್ನು ಅಚ್ಚುಹಾಕಿದರೆ ಅವನ ಅನ್ನವೂ ಹೋದೀತು, ಪ್ರಾಣವೂ ಹೋದೀತು. ಆಗ ‘ಯಾರಿಂದ’ ಎಂಬುದನ್ನು ಹೇಗೆ ಬರೆಯುವುದು? ಹೆಸರನ್ನು ಮುಚ್ಚುವುದು ಬೇರೆ, ಸಾಕ್ಷಿಯ ಜಾತಿಯನ್ನು ಮುಚ್ಚುವುದು ಬೇರೆ ಎಂಬುದು ನಮ್ಮ ಸಮಾಧಾನ. ‘ಅದಿರಿನ ಲಾರಿಯನ್ನು ನಡೆಸುತ್ತಿದ್ದವನೊಬ್ಬನು ತಾನು ಕಂಡುದನ್ನು ಹೇಳಿದನು’ ಎಂದರೆ ಹೆಸರಿಲ್ಲದಿದ್ದರೂ ಓದುಗನಿಗೆ ತೂಗಲು ಕಲ್ಲು ಸಿಕ್ಕಿತು. ‘ಮೂಲಗಳು ತಿಳಿಸಿವೆ’ ಎಂದರೆ ತಕ್ಕಡಿಯೇ ಇಲ್ಲ. ಹೊತ್ತು ಸಾಲದೆಂಬುದು ಇನ್ನೊಂದು ಆಕ್ಷೇಪ. ಪಾಯೆಸನು ಜನಸಂಖ್ಯೆಯನ್ನು ಬರೆಯದೆ ಬಿಟ್ಟಾಗ ಅವನಿಗೆ ತಗಲಿದುದು ಒಂದು ಸಾಲು. ಗೊತ್ತಿಲ್ಲವೆಂದು ಬರೆಯುವುದಕ್ಕೆ ಬೇಕಾದುದು ಹೊತ್ತಲ್ಲ, ಧೈರ್ಯ.

೬

ಕೊನೆಯದಾಗಿ ಭಾಷೆಯ ಮಾತು. ಸಾಹಿತ್ಯಪತ್ರಿಕೆಯಲ್ಲಿ ಈ ವಿಷಯವನ್ನು ಎತ್ತಿದುದಕ್ಕೆ ಮುಖ್ಯ ಕಾರಣವೂ ಅದೇ.

ಏಳನೆಯ ಪ್ರಶ್ನೆಯನ್ನು ನಾವು ಬೇರೆಯವರಿಂದ ಕಲಿಯಬೇಕಾಗಿಲ್ಲ. ಕನ್ನಡವು ಅದನ್ನು ತನ್ನ ಕ್ರಿಯಾಪದದ ತುದಿಯಲ್ಲಿಯೇ ಕಟ್ಟಿಕೊಂಡಿದೆ. ಮನೆಯಲ್ಲಿ ಅಜ್ಜಿಯು ‘ಪಕ್ಕದವರ ಎಮ್ಮೆ ಈದಿತು’ ಎಂದರೆ ಅವಳು ನೋಡಿಬಂದಿರುವಳು. ‘ಈದಿತಂತೆ’ ಎಂದರೆ ಯಾರೋ ಹೇಳಿರುವರು. ಒಂದು ‘ಅಂತೆ’ಯಿಂದ ಕಣ್ಣಿಗೂ ಕಿವಿಗೂ ನಡುವಣ ಗೆರೆಯನ್ನು ಅವಳು ಎಳೆದಳು. ಪಾಯೆಸನು ಅರುವತ್ತು ತಲೆಗಳ ಎಡೆಯಲ್ಲಿ ಎಳೆಯದೆ ಹೋದ ಗೆರೆಯು ಅದೇ. ಇಂಗ್ಲಿಷಿನಲ್ಲಿ ಇದಕ್ಕೆ ಬೇರೊಂದು ವಾಕ್ಯವನ್ನೇ ಸೇರಿಸಬೇಕು. ನಮಗೆ ಎರಡಕ್ಷರ ಸಾಕು. ‘ಅಂತೆ ಕಂತೆಗಳ ಸಂತೆ’ ಎಂದು ನಾವು ಹಾಸ್ಯ ಮಾಡುವೆವು. ಆದರೆ ಸಂತೆಯ ಮಾತು ಸಂತೆಯದೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಆ ‘ಅಂತೆ’ಯಲ್ಲಿದೆ.

ಪತ್ರಿಕೆಯ ಗದ್ಯವು ಇದನ್ನು ಗ್ರಾಮ್ಯವೆಂದು ತಳ್ಳಿ, ಅದರ ಸ್ಥಾನದಲ್ಲಿ ‘ಎನ್ನಲಾಗಿದೆ’, ‘ಹೇಳಲಾಗುತ್ತಿದೆ’, ‘ತಿಳಿದುಬಂದಿದೆ’ ಎಂಬುವನ್ನು ತಂದಿಟ್ಟಿತು. ಇಂಗ್ಲಿಷಿನ ಕರ್ಮಣಿಪ್ರಯೋಗವನ್ನು ಅನುಕರಿಸಿ ಬೆಳೆದ ಈ ರೂಪಗಳು ಕೇಳಲು ಗಂಭೀರವಾಗಿವೆ. ಆದರೆ ಇವುಗಳಲ್ಲಿ ಕರ್ತೃವು ಕಾಣೆಯಾಗಿರುವನು. ಎಂದವನು ಯಾರು? ಹೇಳುತ್ತಿರುವವನು ಯಾರು? ತಿಳಿದುಬಂದುದು ಯಾರಿಗೆ, ಯಾರಿಂದ? ‘ಈದಿತಂತೆ’ ಎಂಬ ಅಜ್ಜಿಯು ತಾನು ಕಂಡಿಲ್ಲವೆಂದು ಒಪ್ಪುವಳು. ‘ಈದಿದೆ ಎನ್ನಲಾಗಿದೆ’ ಎಂಬ ವರದಿಗಾರನು ಕಂಡೆನೆಂದೂ ಹೇಳನು, ಕಂಡಿಲ್ಲವೆಂದೂ ಹೇಳನು. ನಾಳೆ ಎಮ್ಮೆ ಈಯದಿದ್ದರೆ ಹೊಣೆಯಿಂದ ಜಾರಿಕೊಳ್ಳಲು ಬಾಗಿಲನ್ನು ತೆರೆದಿಟ್ಟುಕೊಂಡಿರುವನು. ವ್ಯಾಕರಣದ ಒಂದು ರೂಪವು ಹೀಗೆ ನೀತಿಯ ಪ್ರಶ್ನೆಯಾಗುವುದು. ವೃತ್ತಪತ್ರಿಕೆಯವರೆಲ್ಲರೂ ‘ಅಂತೆ’ಯನ್ನೇ ಅಚ್ಚುಹಾಕಬೇಕೆಂದು ನಾವು ಹೇಳುವುದಿಲ್ಲ. ‘ಅಣೆಕಟ್ಟಿನ ಅಧಿಕಾರಿಗಳು ಹೇಳಿದರು’, ‘ಹೊಳೆದಂಡೆಯ ರೈತರು ಹೇಳಿದರು’, ‘ನಾನು ಕಂಡೆನು’, ‘ಇನ್ನೂ ಗೊತ್ತಾಗಿಲ್ಲ’ ಎಂಬ ನೇರವಾದ ವಾಕ್ಯಗಳು ಕನ್ನಡದಲ್ಲಿ ಬೇಕಾದಷ್ಟಿವೆ. ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವು ಹೊರಟಂದಿನಿಂದ ಕನ್ನಡದ ವಾರ್ತಾಗದ್ಯವು ಬೆಳೆಯುತ್ತಲೇ ಇದೆ, ಡಿ. ವಿ. ಗುಂಡಪ್ಪನವರಂಥವರು ಸ್ವತಃ ಪತ್ರಿಕೆ ನಡೆಸಿ, ವೃತ್ತಪತ್ರಿಕೆಯ ಧರ್ಮವನ್ನು ಕುರಿತು ಪುಸ್ತಕವನ್ನೇ ಬರೆದರು. ಇಷ್ಟು ವಯಸ್ಸಾದ ಗದ್ಯಕ್ಕೆ ಕರ್ತೃವನ್ನು ಹೆಸರಿಸುವ ಧೈರ್ಯ ಇನ್ನಾದರೂ ಬರಬೇಕು.

ಹೊಣೆಯು ಬರೆಯುವವನೊಬ್ಬನದೇ ಅಲ್ಲ. ಈಗ ಕೈಯಲ್ಲಿ ಫೋನು ಹಿಡಿದ ಪ್ರತಿಯೊಬ್ಬನೂ ಬಾತ್ಮೀದಾರನೇ. ಬಂದ ಸುದ್ದಿಯನ್ನು ಹತ್ತು ಮನೆಗೆ ದಾಟಿಸುವಾಗ ‘ಅಂತೆ’ಯನ್ನು ಉದುರಿಸಿ ದಾಟಿಸುವವರು ನಾವೇ. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಕಂಡುದಕ್ಕೇ ಇಷ್ಟು ಎಚ್ಚರವನ್ನು ಹೇಳಿದವರು ಕೇಳಿದುದಕ್ಕೆ ಎಷ್ಟನ್ನು ಹೇಳಿಯಾರು! ಮುಂದಿನ ಮಳೆಗಾಲದಲ್ಲಿ ಹೊಳೆ ತುಂಬಿದ ರಾತ್ರಿ ಯಾರಾದರೂ ಬಂದು ಕಟ್ಟೆ ಹೋಯಿತೆಂದರೆ, ಮನೆಯ ಹಿರಿಯರು ಲಾಟೀನನ್ನೋ ಟಾರ್ಚನ್ನೋ ಎತ್ತಿ ಅವನ ಮುಖವನ್ನು ನೋಡಿ ಮೊದಲು ಕೇಳಬೇಕಾದುದು ಒಂದೇ ಮಾತು: ‘ನೀನು ಕಂಡೆಯೇನಪ್ಪ, ಯಾರು ಹೇಳಿದರು?’ ಉತ್ತರ ಬಂದ ಮೇಲೆ ಎತ್ತುಗಳನ್ನು ಬಿಚ್ಚುವುದೋ ಬಿಡುವುದೋ ತಾನಾಗಿ ತಿಳಿಯುವುದು.